ಹತ್ತು ಹಾಡುಗಳಿಗೆ ಒಂದೇ ಕಥೆ ಕಟ್ಟಿದ ಅಕ್ಕನಿಗೆ

ಮನೆ, ಮೇಲಂತಸ್ತು
೧೪ ಮಾರ್ಚ್ ೧೯೯೮, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೋದ ಸಲ ಫೋನಿನಲ್ಲಿ ಕುತ್ತಿಗೆ ನೋವು ಎಂದಿದ್ದೆ. ಟೈಪು ಮಾಡುವ ಮೇಜು ಎತ್ತರವಾಯಿತೋ ಏನೋ, ಕೆಳಗೊಂದು ದಿಂಬು ಹಾಕಿಕೊಂಡು ಕೂತು ನೋಡು. ಭಾವನವರು ಸಿಗರೇಟು ಬಿಟ್ಟರೇ, ಅಥವಾ ಬಿಟ್ಟೆ ಎಂದು ಹೇಳುವುದನ್ನಷ್ಟೇ ಶುರು ಮಾಡಿದ್ದಾರೆಯೇ? ಅಮ್ಮ ಚೆನ್ನಾಗಿದ್ದಾಳೆ. ಮೆಟ್ಟಿಲು ಇಳಿಯುವಾಗ ಮಾತ್ರ ಮೊಣಕಾಲು ತಕರಾರು ಮಾಡುತ್ತದೆ, ಹತ್ತುವಾಗ ಸುಮ್ಮನಿರುತ್ತದಂತೆ. ಹಾಗಾಗಿ ಇಳಿಯುವುದನ್ನೇ ಕಡಿಮೆ ಮಾಡಿದ್ದಾಳೆ. ನಾನು ಎಂದಿನಂತೆ. ಲಾಂಡ್ರಿಗೆ ಆವಿಯ ಇಸ್ತ್ರಿ ಯಂತ್ರ ಬಂದಿದೆ. ಆಸ್ಪತ್ರೆಯ ಹಾಸಿಗೆ ಬಟ್ಟೆಯನ್ನು ಈ ಕಡೆಯಿಂದ ತಿನ್ನಿಸಿದರೆ ಆ ಕಡೆಯಿಂದ ಕಾಗದದ ಹಾಗೆ ಚಪ್ಪಟೆಯಾಗಿ ಬರುತ್ತದೆ. ಎಡಗೈಯ ಎರಡು ಬೆರಳು ಸುಟ್ಟುಕೊಂಡಿದ್ದೇನೆ, ಬರೆಯುವ ಕೈ ಅಲ್ಲ. ಕುಶಲ ಇಷ್ಟು ಸಾಕು. ಇನ್ನು ಮುಂದಿನದನ್ನು ಪ್ರೀತಿಯಿಂದ ಬರೆಯಲು ನನಗೆ ಆಗುತ್ತಿಲ್ಲ. ಮೇಲೆ ‘ಪ್ರೀತಿಯ’ ಎಂದು ಬರೆದದ್ದು, ಪತ್ರ ಹಾಗೆಯೇ ಶುರುವಾಗಬೇಕು ಎಂದು ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಕಲಿಸಿದ್ದಕ್ಕೆ.

ನೀನು ಕಳಿಸಿದ ಲಕೋಟೆ ಹೋದ ಶನಿವಾರ ಬಂತು. ಅದರಲ್ಲಿ ಕಂಪನಿಯ ಒಪ್ಪಿಗೆ ಪತ್ರ ಇತ್ತು, ನಿನ್ನ ಆರು ಪುಟದ ಲೇಖನ ಇತ್ತು, ಜೊತೆಗೆ ನನಗೊಂದು ಚೀಟಿ. ಅಪ್ಪ ಮತ್ತು ಅವರ ಗೆಳೆಯರು ಸೇರಿ ಮಾಡಿದ ಆ ಒಂದೇ ಒಂದು ರಾಕ್ ರೆಕಾರ್ಡು ಇಪ್ಪತ್ನಾಲ್ಕು ವರ್ಷದ ಮೇಲೆ ಸಿ.ಡಿ. ಆಗಿ ಬರುತ್ತದೆ, ಅದರೊಳಗೆ ಪುಟ್ಟ ಪುಸ್ತಕವೊಂದು ಇರುತ್ತದೆ, ಪುಸ್ತಕದಲ್ಲಿ ನಿನ್ನ ಲೇಖನ ಇರುತ್ತದೆ. ಹಾಡಿಗೂ ಲೇಖನಕ್ಕೂ ಸೇರಿಸಿ ಒಂದೇ ಸಹಿ. ಅಪ್ಪನ ಹಕ್ಕು ಈಗ ಅಮ್ಮನದಾದ್ದರಿಂದ ಸಹಿ ಅಮ್ಮ ಹಾಕಬೇಕು. ಮೂವತ್ತನೇ ತಾರೀಖು ಸೋಮವಾರ ಕಂಪನಿಯವನು ಮನೆಗೆ ಬಂದು ತೆಗೆದುಕೊಂಡು ಹೋಗುತ್ತಾನೆ. ಇದೆಲ್ಲ ಸಂತೋಷದ ಸುದ್ದಿಯೇ. ಆದರೆ ಚೀಟಿಯಲ್ಲಿ ನೀನು ಬರೆದದ್ದು ಹೀಗಿದೆ: ‘ಅಮ್ಮನಿಗೆ ಲೇಖನ ಓದಿ ಹೇಳೋಕೆ ಹೋಗ್ಬೇಡ. ಅವಳಿಗೆ ಅದೆಲ್ಲ ಅರ್ಥ ಆಗಲ್ಲ. ಎಲ್ಲಿ ಗೀಟು ಹಾಕಿದೀನೋ ಅಲ್ಲಿ ಸಹಿ ಹಾಕಿಸು, ಸಾಕು.’ ಈ ಚೀಟಿ ಇಲ್ಲದಿದ್ದರೆ ನಾನು ಆ ಲೇಖನವನ್ನು ಮುಟ್ಟುತ್ತಲೂ ಇರಲಿಲ್ಲ. ಆರು ಪುಟ ಓದುವುದು ನನಗೆ ಸಣ್ಣ ಕೆಲಸವಲ್ಲ ಎಂದು ನಿನಗೆ ಗೊತ್ತು. ಲಾಂಡ್ರಿಯ ಊಟದ ಬಿಡುವಿನಲ್ಲಿ ಬಟ್ಟೆ ಮೂಟೆಗಳ ಹಿಂದೆ ಕೂತು, ದಿನಕ್ಕೆ ಒಂದೂವರೆ ಪುಟದಂತೆ ನಾಲ್ಕು ದಿನ ಓದಿದೆ. ಅರ್ಥವಾಗದ ಮಾತುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ನಾಲ್ಕನೇ ಪುಟಕ್ಕೆ ಬಂದಾಗ ಒಂದು ಗೆರೆಯೂ ಬೇಕಾಗಲಿಲ್ಲ, ಎಲ್ಲ ಚೆನ್ನಾಗಿ ಅರ್ಥವಾಯಿತು.

ಆ ರೆಕಾರ್ಡಿನ ಹತ್ತು ಹಾಡುಗಳು ಹತ್ತಲ್ಲ, ಒಂದೇ ಕಥೆ ಎನ್ನುತ್ತೀಯ. ಅದಕ್ಕೆ ಕಾನ್ಸೆಪ್ಟ್ ಆಲ್ಬಮ್ ಎಂಬ ಮಾತನ್ನು ಮೂವತ್ತೊಂದು ಸಲ ಬರೆದಿದ್ದೀಯ, ಎಣಿಸಿದ್ದೇನೆ. ಬೀದಿಯ ದೀಪ ಹಚ್ಚುವವನೊಬ್ಬ ಮೊದಲ ಹಾಡಿನಲ್ಲಿ ಮನೆಯಿಂದ ಹೊರಡುತ್ತಾನೆ, ಎರಡನೆಯದರಲ್ಲಿ ಸೇತುವೆ ದಾಟುತ್ತಾನೆ, ಏಳನೆಯದರಲ್ಲಿ ಹೆಂಗಸೊಬ್ಬಳು ಅವನ ಮುಖಕ್ಕೆ ಬಾಗಿಲು ಹಾಕುತ್ತಾಳೆ, ಹತ್ತನೆಯದರಲ್ಲಿ ಅವನು ಕೊನೆಯ ದೀಪ ಆರಿಸುತ್ತಾನೆ. ಈ ಕಥೆ ನನಗೆ ಹೊಸದಲ್ಲ. ಅಪ್ಪ ಏಣಿಯಿಂದ ಬಿದ್ದು ಹಾಸಿಗೆ ಹಿಡಿದ ಆರು ವರ್ಷ, ನೀನು ಹಾಸ್ಟೆಲಿನಿಂದ ರಜೆಗೆ ಬಂದಾಗಲೆಲ್ಲ ಮಂಚದ ತುದಿಯಲ್ಲಿ ಕೂತು ನನಗೆ ಇದನ್ನು ಹೇಳುತ್ತಿದ್ದೆ. ‘ಮಧ್ಯ ಸೂಜಿ ಎತ್ತಬೇಡ, ಕಥೆ ಮುರಿಯುತ್ತೆ’ ಎಂದು ನನ್ನ ಕೈ ಹಿಡಿಯುತ್ತಿದ್ದೆ. ನಾನು ನಂಬಿದ್ದೆ. ಹದಿಮೂರು ವರ್ಷದವರೆಗೂ ಬೀದಿದೀಪ ಹತ್ತುವ ಹೊತ್ತಿಗೆ ಕಿಟಕಿಯಲ್ಲಿ ನಿಂತು, ಅವನು ಈಗ ಎಷ್ಟನೇ ಹಾಡಿನಲ್ಲಿರಬಹುದು ಎಂದು ಯೋಚಿಸುತ್ತಿದ್ದೆ. ನೀನು ಚೆನ್ನಾಗಿ ಹೇಳುತ್ತಿದ್ದೆ, ಅದನ್ನು ಈಗಲೂ ಇಲ್ಲವೆನ್ನುವುದಿಲ್ಲ. ಆದರೆ ರಜೆ ಮುಗಿಸಿ ನೀನು ಹೋದ ಮೇಲೆ ಶಾಲೆ ಬಿಟ್ಟು ಮನೆಯಲ್ಲಿ ಕೂತವನು ನಾನು. ಅಮ್ಮ ಲಾಂಡ್ರಿಗೆ ಹೋದರೆ ಅಪ್ಪನನ್ನು ಮಗ್ಗುಲು ತಿರುಗಿಸುವುದೂ ನಾನೇ, ಆ ರೆಕಾರ್ಡನ್ನು ಬದಿ ತಿರುಗಿಸುವುದೂ ನಾನೇ. ನೀನು ವರ್ಷಕ್ಕೆ ಎರಡು ಸಲ ಕೇಳಿದ್ದನ್ನು ನಾನು ದಿನಕ್ಕೆ ಎರಡು ಸಲ ಕೇಳಿದ್ದೇನೆ. ಹಾಗಾಗಿ, ನಿನ್ನಷ್ಟು ಓದಿಲ್ಲದಿದ್ದರೂ, ಒಂದೆರಡು ಮಾತು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಎರಡನೇ ಪುಟದಲ್ಲಿ ನೀನು, ಪ್ರತಿ ಬದಿಯೂ ಅಬ್ಬರದಿಂದ ಶುರುವಾಗಿ ಮೆಲುದನಿಗೆ ಇಳಿಯುತ್ತದೆ, ಇದು ನಾಯಕನು ಹಂತಹಂತವಾಗಿ ಮೌನಕ್ಕೆ ಸರಿಯುವ ಸೂಚನೆ ಎಂದು ಬರೆದಿದ್ದೀಯ. ನಾನು ಅದನ್ನು ಗುಂಡಿ ಮಾಮನಿಗೆ ಹೇಳಿದೆ. ನಿನಗೆ ನೆನಪಿರಬೇಕು, ಅಪ್ಪನ ತಂಡದ ಧ್ವನಿಮುದ್ರಣ ಮಾಡಿದವನು, ಸದಾ ಯಂತ್ರದ ಗುಂಡಿ ತಿರುಗಿಸುತ್ತಿದ್ದುದರಿಂದ ಆ ಹೆಸರು. ಈಗ ನಮ್ಮ ಬೀದಿಯ ತುದಿಯ ನೆಲಮಾಳಿಗೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಾನೆ. ಅವನು ಬೆಸುಗೆ ಹಾಕುವುದನ್ನು ನಿಲ್ಲಿಸದೆ ಹೇಳಿದ: ‘ಸೂಜಿ ಒಳಸುತ್ತಿಗೆ ಹೋದಷ್ಟೂ ಇಕ್ಕಟ್ಟು ಕಣಪ್ಪಾ. ಅಲ್ಲಿ ಕಿರುಚೋ ಹಾಡು ಇಟ್ರೆ ಬಟ್ಟೆ ಹರಿದ ಹಾಗೆ ಕೇಳುತ್ತೆ. ಅದಕ್ಕೇ ಜೋರಿನದು ಹೊರಗೆ, ಮಲಗಿಸೋದು ಒಳಗೆ. ಆಗಿನ ಕಾಲದಲ್ಲಿ ಎಲ್ಲರೂ ಹಾಗೇ ಮಾಡ್ತಿದ್ವಿ. ನಿಮ್ಮಕ್ಕ ಅದಕ್ಕೂ ತತ್ವ ಹಚ್ಚಿದ್ಲಾ? ಹಚ್ಚಲಿ ಬಿಡು, ತತ್ವಕ್ಕೇನು ಕರೆಂಟು ಬೇಕಾಗಲ್ಲ.’ ಮೊದಲ ಹಾಡಿನ ರಾಗ ಕೊನೆಯಲ್ಲಿ ನಿಧಾನವಾಗಿ ಮತ್ತೆ ಬರುತ್ತದಲ್ಲ, ನೀನು ‘ವೃತ್ತ ಪೂರ್ಣವಾಗುತ್ತದೆ’ ಎಂದಿರುವುದು, ಅದನ್ನೂ ಕೇಳಿದೆ. ಕಂಪನಿಯವರು ಬದಿಗೆ ಕಡಿಮೆಯೆಂದರೆ ಹದಿನೆಂಟು ನಿಮಿಷ ಬೇಕು ಎಂದಿದ್ದರಂತೆ. ಎರಡನೇ ಬದಿಗೆ ಎರಡು ನಿಮಿಷ ಸಾಲದೆ ಬಂತು, ಹೊಸ ಹಾಡು ಯಾರ ಹತ್ತಿರವೂ ಇರಲಿಲ್ಲ, ಗೊತ್ತಿರುವುದನ್ನೇ ನಿಧಾನವಾಗಿ ನುಡಿಸಿ ಸಮಯ ತುಂಬಿಸಿದರಂತೆ. ಮೂರನೆಯ ಹಾಡಿನ ಮೋಟಾರ್ ಸೈಕಲ್ಲು ದೀಪದವನ ಯೌವನವಲ್ಲ, ಹಾಡುವವನ ಸ್ವಂತ ಗಾಡಿ. ಅದು ಯಾವತ್ತೂ ಮೊದಲ ಒದೆತಕ್ಕೆ ಶುರುವಾಗುತ್ತಿರಲಿಲ್ಲ, ಅದನ್ನು ಬೈದು ಬರೆದ ಹಾಡು. ಇನ್ನು ರೆಕಾರ್ಡಿನ ಹೊದಿಕೆಯ ಮೇಲೆ ಅಪ್ಪ ಬರೆದ ನೀಲಿ ಮೆಟ್ಟಿಲು. ನೀಲಿಯೆಂದರೆ ವಿರಹ ಎನ್ನುತ್ತೀಯ. ಅಪ್ಪ ಫಲಕ ಬರೆಯುವವರಾಗಿದ್ದರು ಅಕ್ಕಾ. ಹಲ್ಲಿನ ಡಾಕ್ಟರೊಬ್ಬರ ಬೋರ್ಡಿಗೆ ತಂದ ಬಣ್ಣ ಮಿಕ್ಕಿತ್ತು.

ನಿನ್ನನ್ನು ಮಾತ್ರ ಬೈಯುತ್ತಿದ್ದೇನೆ ಎಂದುಕೊಳ್ಳಬೇಡ, ಹೀಗೆ ಬರೆಯುವ ನಿನ್ನಂಥವರೆಲ್ಲರ ಮೇಲೂ ಸಿಟ್ಟಿದೆ. ಗುಂಡಿ ಮಾಮನ ನೆಲಮಾಳಿಗೆಯಲ್ಲಿ ಆ ಕಾಲದ ದೊಡ್ಡ ದೊಡ್ಡ ತಂಡಗಳ ರೆಕಾರ್ಡುಗಳು ಗೋಡೆಯುದ್ದಕ್ಕೂ ಇವೆ. ಒಂದೇ ಕಥೆ ಎಂದು ಹೆಸರು ಹೊತ್ತವನ್ನೆಲ್ಲ ಭಾನುವಾರ ಭಾನುವಾರ ಹೋಗಿ ಕೇಳಿದ್ದೇನೆ, ಮಾಮ ಮಾತುಗಳ ಅರ್ಥ ಹೇಳಿದ್ದಾನೆ. ಮೊದಲ ಹಾಡಿನಲ್ಲಿ ಒಬ್ಬ ಹುಟ್ಟುತ್ತಾನೆ. ಎರಡನೆಯದರಲ್ಲಿ ಮನೆ ಬಿಡುತ್ತಾನೆ. ಮೂರರಿಂದ ಎಂಟರವರೆಗೆ ಅವನ ಸುದ್ದಿಯೇ ಇಲ್ಲ, ಯಾರೋ ಹುಡುಗಿ, ಯಾವುದೋ ಸಮುದ್ರ, ಹತ್ತು ನಿಮಿಷದ ಡ್ರಮ್ಮು. ಒಂಬತ್ತನೆಯದರಲ್ಲಿ ಅವನು ಸತ್ತ ಎನ್ನುತ್ತಾರೆ. ಕೊನೆಗೆ ಮೊದಲ ರಾಗ ಮತ್ತೆ ಬಂದ ಕೂಡಲೇ ಕೇಳುವವರು ಆಹಾ, ಎಲ್ಲ ಸೇರಿಕೊಂಡಿತು ಎಂದು ತಲೆದೂಗುತ್ತಾರೆ. ಹೊದಿಕೆಯ ಮೇಲೆ ಒಂದು ಚಿತ್ರ, ಒಳಗೆ ಒಂದು ಕಾಗದ, ಇಷ್ಟಿದ್ದರೆ ಉಳಿದದ್ದನ್ನು ನಿಮ್ಮಂಥವರು ಹೊಲಿದುಕೊಳ್ಳುತ್ತೀರಿ. ಒಂದೆರಡು ನಿಜವಾಗಿಯೂ ಕಥೆಯಾಗಿ ನಿಲ್ಲುತ್ತವೆ, ಸುಳ್ಳು ಹೇಳಬಾರದು. ಅವನ್ನು ಮಾಡಿದವರು ಮೊದಲೇ ಕೂತು ಯೋಚಿಸಿ ಮಾಡಿದ್ದಾರೆ ಎಂದು ಕೇಳಿದರೇ ಗೊತ್ತಾಗುತ್ತದೆ. ಅಪ್ಪನದು ಅಂಥದ್ದಲ್ಲ. ಹಾಗೆಂದು ಅದು ಚೆಲ್ಲಾಪಿಲ್ಲಿಯೂ ಅಲ್ಲ. ಐದು ಜನ, ಕಿಟಕಿಯಿಲ್ಲದ ಒಂದು ಕೋಣೆ, ಹನ್ನೊಂದು ದಿನ. ಹತ್ತೂ ಹಾಡಿನಲ್ಲಿ ಅದೇ ಸಡಿಲ ಚರ್ಮದ ಡ್ರಮ್ಮು ದಪ್ ದಪ್ ಎನ್ನುತ್ತದೆ, ಅಪ್ಪನ ಗಿಟಾರಿನ ಮೂರನೇ ತಂತಿ ಶ್ರುತಿಗಿಂತ ಅದೇ ಕೂದಲೆಳೆಯಷ್ಟು ಕೆಳಗಿದೆ. ಒಗ್ಗಟ್ಟು ಬೇಕಿದ್ದರೆ ಅದು ಅಲ್ಲಿದೆ. ಅದನ್ನು ನೀನು ಒಂದು ಸಾಲಿನಲ್ಲೂ ಬರೆದಿಲ್ಲ, ಏಕೆಂದರೆ ಅದು ಕೇಳಿಸಬೇಕಾದರೆ ಕಥೆಯನ್ನು ಬದಿಗಿಟ್ಟು ಕೇಳಬೇಕು.

ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ನೀಲಿ ವಿರಹವಾದರೆ ಆಗಲಿ, ಹಲ್ಲಿನ ಡಾಕ್ಟರೇನು ದೂರು ಕೊಡುವುದಿಲ್ಲ. ನಾಲ್ಕನೇ ಪುಟದಲ್ಲಿ ನೀನು ಬರೆದದ್ದನ್ನು ಇಲ್ಲಿ ನನ್ನ ಕೈಯಿಂದಲೇ ನಕಲು ಮಾಡುತ್ತೇನೆ, ನನ್ನ ಅಕ್ಷರದಲ್ಲಿ ನೋಡಿದರಾದರೂ ನಿನಗೆ ಅದು ಹೇಗಿದೆ ಎಂದು ಕಾಣಲಿ: ‘ಏಳನೆಯ ಹಾಡಿನ ಆ ಹೆಣ್ಣು ನನ್ನ ತಾಯಿ. ಸಂಗೀತವನ್ನು ಮನೆಯ ಹೊರಗೆ ನಿಲ್ಲಿಸಿ ಬಾಗಿಲು ಹಾಕಿದವಳು. ತಂದೆ ಗಿಟಾರಿನ ಪೆಟ್ಟಿಗೆಯೊಂದಿಗೆ ಮೆಟ್ಟಿಲ ಮೇಲೆ ಕೂತದ್ದನ್ನು ಐದು ವರ್ಷದ ನಾನು ಕಣ್ಣಾರೆ ಕಂಡಿದ್ದೇನೆ. ಇಡೀ ಆಲ್ಬಮ್ ಆ ಮೆಟ್ಟಿಲಿನಿಂದ ಹುಟ್ಟಿತು, ಅಲ್ಲಿಗೇ ಮರಳಿತು.’

ನಿನಗೆ ಐದು ವರ್ಷ ಎನ್ನುತ್ತೀಯ. ರೆಕಾರ್ಡು ಮುದ್ರಣವಾದಾಗ ನಿನಗೆ ನಾಲ್ಕು. ಲೆಕ್ಕ ನಾಲ್ಕನೇ ಕ್ಲಾಸಿನದೇ ಆದರೂ ನನಗೆ ಬರುತ್ತದೆ. ಮೊದಲು ಹಾಡು, ಮಾರನೇ ವರ್ಷ ಮೆಟ್ಟಿಲು. ನಡುವೆ ಏನಾಯಿತೆಂದರೆ, ರೆಕಾರ್ಡು ಯಾರೂ ಕೊಳ್ಳದೆ ಅಂಗಡಿಗಳಿಂದ ವಾಪಸು ಬಂತು, ತಂಡದವರು ಊರೂರು ಸುತ್ತಿ ನುಡಿಸುತ್ತೇವೆಂದು ಹೊರಟರು, ಅಪ್ಪ ಎಂಟು ತಿಂಗಳು ಒಂದು ಕಾಗದವನ್ನೂ ಹಾಕಲಿಲ್ಲ. ಎಂಟು ತಿಂಗಳು, ಅಕ್ಕಾ. ಹಾಗೆ ಹೋದವರು ಒಂದು ಸಂಜೆ ಏನೂ ಆಗದವರಂತೆ ಬಂದು ನಿಂತರು. ಅಮ್ಮ ಬಾಗಿಲು ತೆರೆದು, ಮುಖ ನೋಡಿ, ಮತ್ತೆ ಹಾಕಿದಳು. ನೀನು ಕಂಡದ್ದು ಅಷ್ಟು. ಆಮೇಲೆ ಅಮ್ಮ ನಿನ್ನನ್ನು ಒಳಗೆ ಕರೆದೊಯ್ದು ಮಲಗಿಸಿದಳು. ಮುಂದಿನದು ನಿನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ನಾನು ಅದನ್ನು ಹಾಸಿಗೆಯ ಪಕ್ಕದಲ್ಲಿ ಕೂತು ಇಪ್ಪತ್ತು ಸಲ ಕೇಳಿದ್ದೇನೆ. ಅಪ್ಪ, ‘ಎರಡು ಗಂಟೆ ಹೊರಗೆ ಕೂರಿಸಿದ್ಲು ಕಣೋ ಈ ನಿಮ್ಮಮ್ಮ’ ಎಂದು ಶುರು ಮಾಡುತ್ತಿದ್ದರು. ಅಡುಗೆಮನೆಯಿಂದ ಅಮ್ಮ, ‘ಮುಕ್ಕಾಲು ಗಂಟೆ. ಮಗನ ಮುಂದೆ ಸುಳ್ಳು ಹೇಳ್ಬೇಡಿ’ ಎನ್ನುತ್ತಿದ್ದಳು. ‘ಕೆಳಗಿನ ಮನೆಯವರು ನಂಗೆ ಸ್ಟೂಲು ತಂದುಕೊಟ್ರು.’ ‘ಸ್ಟೂಲು ಕೊಟ್ಟಿದ್ದು ನಾನು. ಬಾಗಿಲು ಸಂದೀಲಿ ತಳ್ಳಿದ್ದೆ.’ ‘ಹಾಗಾದ್ರೆ ಬಾಗಿಲು ತೆಗೆದಿದ್ದೆ ಅಂತಾಯ್ತು.’ ‘ಸ್ಟೂಲಿಗೆ ತೆಗೆದಿದ್ದೆ, ನಿಮಗಲ್ಲ.’ ಇಬ್ಬರೂ ನಗುತ್ತಿದ್ದರು. ಅಪ್ಪನಿಗೆ ನಕ್ಕರೆ ಬೆನ್ನು ನೋಯುತ್ತಿತ್ತು, ಆದರೂ ನಗುತ್ತಿದ್ದರು. ಕೊನೆಗೆ ಅಪ್ಪ ದನಿ ತಗ್ಗಿಸಿ ನನಗೊಬ್ಬನಿಗೇ ಹೇಳುತ್ತಿದ್ದರು: ‘ನಾನಾಗಿದ್ರೆ ತೆಗೀತಾನೇ ಇರ್ಲಿಲ್ಲ.’

ಹಾಗಾದರೆ ಏಳನೆಯ ಹಾಡಿನ ಹೆಂಗಸು ಯಾರು ಎಂದರೆ, ಅವಳು ತಂಡದವರು ಅಭ್ಯಾಸ ಮಾಡುತ್ತಿದ್ದ ಗೋದಾಮಿನ ಒಡತಿ. ಗದ್ದಲ ತಡೆಯಲಾರದೆ ಒಂದು ದಿನ ಬೀಗ ಜಡಿದು ತಂಗಿಯ ಮನೆಗೆ ಹೋಗಿಬಿಟ್ಟಳು. ಡ್ರಮ್ಮುಗಳು ನಾಲ್ಕು ದಿನ ಒಳಗೇ ಉಳಿದವು. ‘ಅವಳು ಬೀಗ ತಿರುಗಿಸಿದಳು, ನನ್ನ ಸದ್ದೆಲ್ಲ ಒಳಗೇ ಉಳಿಯಿತು’ ಎಂಬ ಆ ಹಾಡಿನ ಸಾಲು ಬರೆದದ್ದು ಡ್ರಮ್ಮಿನವನು, ಅಪ್ಪನಲ್ಲ. ಇನ್ನೊಂದು ವಿಷಯ ಗುಂಡಿ ಮಾಮ ಹೇಳಿದ, ಅದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಆ ಹಾಡಿನ ಕೊನೆಯಲ್ಲಿ, ಗಿಟಾರು ನಿಂತ ಮೇಲೆ, ಒಂದು ಸಣ್ಣ ಕೆಮ್ಮು ಕೇಳಿಸುತ್ತದೆ. ಐದನೇ ಪುಟದಲ್ಲಿ ನೀನು ಅದನ್ನು ‘ಹೊರಗೆ ತಳ್ಳಲ್ಪಟ್ಟವನ ಕೊನೆಯುಸಿರು’ ಎಂದಿದ್ದೀಯ. ಅದು ನೀನು. ನಿನಗೆ ಜ್ವರವಿತ್ತು, ಮನೆಯಲ್ಲಿ ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ, ಆದರೆ ಆ ದಿನ ತಂಡಕ್ಕೆ ಊಟ ತರುವುದು ಅಮ್ಮನ ಪಾಳಿ. ಊಟ ತಂದವಳು ಹಿಂದಿರುಗದೆ, ನಿನ್ನನ್ನು ಶಾಲಿನಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು, ಆ ಕೋಣೆಯ ಮೂಲೆಯಲ್ಲಿ ಮೂರು ಗಂಟೆ ಕೂತಿದ್ದಳು. ಕೆಮ್ಮು ಬಿದ್ದಿದೆ, ಮತ್ತೊಮ್ಮೆ ನುಡಿಸೋಣ ಎಂದು ಮಾಮ ಹೇಳಿದನಂತೆ. ಅಪ್ಪ, ‘ಇರ್ಲಿ ಬಿಡೋ, ನಮ್ಮ ಹುಡುಗಿ’ ಎಂದರಂತೆ. ಸಂಗೀತವನ್ನು ಹೊರಗೆ ನಿಲ್ಲಿಸಿದವಳು ಎಂದು ನೀನು ಯಾರ ಬಗ್ಗೆ ಬರೆದೆಯೋ ಅವಳು ಆ ಹಾಡಿನ ಒಳಗೆ ಕೂತಿದ್ದಾಳೆ, ನಿನ್ನ ಬೆನ್ನು ತಟ್ಟುತ್ತಾ.

ನೀನು ಕೇಳಬಹುದು, ಅಪ್ಪ ನನ್ನನ್ನು ಯಾಕೆ ತಿದ್ದಲಿಲ್ಲ ಎಂದು. ಅದು ನಿಜ. ಮಂಚದ ತುದಿಯಲ್ಲಿ ನೀನು ದೀಪದವನ ಕಥೆ ಹೇಳುವಾಗ ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನೀನು ಹೋದ ಮೇಲೆ ನಾನು, ‘ಅಕ್ಕ ಹೇಳಿದ್ದು ಹೌದಾ?’ ಎಂದರೆ, ‘ಸುಮ್ನಿರೋ. ಅವಳು ಹೇಳೋವಾಗ ನಾನೇ ಏನೋ ದೊಡ್ಡ ಕೆಲಸ ಮಾಡಿದೀನಿ ಅನ್ಸುತ್ತೆ’ ಎನ್ನುತ್ತಿದ್ದರು. ನಿನ್ನ ಕಥೆ ಅವರಿಗೆ ಔಷಧಿಯಾಗಿತ್ತು, ನಾನು ಅದನ್ನು ಕಿತ್ತುಕೊಳ್ಳಲಿಲ್ಲ. ಆದರೆ ಆ ಕಥೆಯಲ್ಲಿ ಬಾಗಿಲು ಹಾಕಿದವಳು ಬರೀ ಒಬ್ಬ ಹೆಂಗಸು. ಅಮ್ಮನ ಹೆಸರನ್ನು ನೀನು ಅಪ್ಪನ ಮುಂದೆ ಒಂದು ದಿನವೂ ಎತ್ತಲಿಲ್ಲ. ಅವರು ತೀರಿಕೊಂಡು ಐದು ವರ್ಷವಾದ ಮೇಲೆ, ಇಲ್ಲ ಎನ್ನಲು ಅವರಿಲ್ಲದ ಹೊತ್ತಿನಲ್ಲಿ, ಎತ್ತಿದ್ದೀಯ. ಅದಕ್ಕೆ ಅಮ್ಮನಿಂದಲೇ, ಅವಳಿಗೆ ತಿಳಿಸದೆ, ಸಹಿ ಹಾಕಿಸು ಎನ್ನುತ್ತೀಯ. ನಿನ್ನ ಲೇಖನಕ್ಕೆ ಹತ್ತು ಹಾಡುಗಳೂ ಒಂದಕ್ಕೊಂದು ಕೂಡಿಕೊಳ್ಳಬೇಕಿತ್ತು. ನಡುವೆ ಒಂದು ಮೊಳೆ ಸಾಲದೆ ಬಂತು. ಕೈಗೆ ಸಿಕ್ಕಿದವಳು ಅಮ್ಮ, ಅವಳನ್ನೇ ಮೊಳೆ ಮಾಡಿ ಹೊಡೆದೆ.

ನಾನು ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಲಾಂಡ್ರಿಯ ಆಫೀಸಿನಲ್ಲಿ ಗುಮಾಸ್ತೆಯ ಎದುರು ನಿಂತು ನಿನ್ನ ಜೊತೆ ಮಾತಾಡುವಾಗ ನನ್ನ ಬಾಯಲ್ಲಿ ಹೂಂ ಬಿಟ್ಟು ಬೇರೇನೂ ಬರುವುದಿಲ್ಲ ಎಂದು ನಿನಗೂ ಗೊತ್ತು. ಆ ಹೂಂ ನಂಬಿಕೊಂಡೇ ನೀನು ಚೀಟಿ ಬರೆದಿರಬೇಕು. ಈ ಸಲ ಹೂಂ ಇಲ್ಲ. ಅಮ್ಮನಿಗೆ ನಾನು ಲೇಖನದ ಸುದ್ದಿ ಹೇಳಿಲ್ಲ, ಅದು ನನ್ನ ಊಟದ ಡಬ್ಬಿಯ ಚೀಲದಲ್ಲೇ ಇದೆ. ಒಪ್ಪಿಗೆ ಪತ್ರ ಬೀರುವಿನ ಡ್ರಾಯರಿನಲ್ಲಿದೆ. ನೀನು ನಾಲ್ಕನೇ ಪುಟವನ್ನೂ ಐದರ ಮೊದಲರ್ಧವನ್ನೂ ತೆಗೆಯಬೇಕು. ತೆಗೆಯದಿದ್ದರೆ ನಾನು ಸಹಿ ಹಾಕಿಸುವುದಿಲ್ಲ, ಕಂಪನಿಯವನನ್ನು ಬರಿಗೈಯಲ್ಲಿ ಕಳಿಸುತ್ತೇನೆ. ಸಹಿಯಿಲ್ಲದಿದ್ದರೆ ರೆಕಾರ್ಡೂ ಬರುವುದಿಲ್ಲ ಎಂದು ನನಗೆ ಗೊತ್ತಿಲ್ಲದೆ ಇಲ್ಲ. ನಮಗೆ ತಿಳಿದ ಮಟ್ಟಿಗೆ ಉಳಿದಿರುವುದು ನಮ್ಮ ಮನೆಯದೊಂದೇ, ಅದರಲ್ಲೂ ಮೂರನೇ ಹಾಡು ಈಗ ಮೂರು ಕಡೆ ಜಿಗಿಯುತ್ತದೆ. ಇನ್ನು ಎರಡು ವರ್ಷ ಹೀಗೇ ಕೇಳಿದರೆ ಅಪ್ಪ ಪೂರ್ತಿ ಸವೆದುಹೋಗುತ್ತಾರೆ. ಹೋಗಲಿ. ಅಮ್ಮನನ್ನು ಕೆಳಗೆ ಹಾಕಿ ಅವರನ್ನು ಉಳಿಸುವುದು ನನಗೆ ಬೇಡ.

ಇಷ್ಟು ಉದ್ದ ನಾನು ಹಿಂದೆಂದೂ ಬರೆದಿಲ್ಲ, ತಪ್ಪುಗಳಿದ್ದರೆ ತಿದ್ದಿಕೊಂಡು ಓದು. ನಿನ್ನ ಕುತ್ತಿಗೆ ನೋವು ಬೇಗ ಹೋಗಲಿ, ಅದನ್ನು ಸಿಟ್ಟಿಲ್ಲದೆಯೇ ಹೇಳುತ್ತಿದ್ದೇನೆ. ಭಾವನವರಿಗೆ ನಮಸ್ಕಾರ ಹೇಳು.

ನಿನ್ನ ಮೇಲೆ ಕೋಪವಿದ್ದೂ ನಿನ್ನವನೇ ಆದ,
ತಮ್ಮ

ಮತ್ತೆ: ಅಂಚೆ ಡಬ್ಬಿ ತೆರೆಯಲು ಇನ್ನು ಕಾಲು ಗಂಟೆ ಇದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮೇಲಿನದನ್ನೆಲ್ಲ ಮುಗಿಸಿ ಮಡಿಚುತ್ತಿದ್ದಾಗ ಅಮ್ಮ ಬಂದು ಒಪ್ಪಿಗೆ ಪತ್ರವನ್ನು ನನ್ನ ಮುಂದಿಟ್ಟಳು. ಸಹಿ ಹಾಕಿದ್ದಾಳೆ, ನೀನು ಗೀಟು ಎಳೆದ ಜಾಗದಲ್ಲೇ. ಲಕೋಟೆ ಬಂದ ದಿನ ನಾನು ಕೆಲಸದಿಂದ ಬರುವ ಮೊದಲೇ ಬಿಡಿಸಿ, ಎಲ್ಲ ಓದಿ, ಗಂಜಿ ಹಚ್ಚಿ ಮತ್ತೆ ಮುಚ್ಚಿಟ್ಟಿದ್ದಳಂತೆ. ಎಲ್ಲ ಎಂದರೆ ಚೀಟಿಯನ್ನೂ. ‘ನಿಮ್ಮಪ್ಪನ ಹಾಡು ಹೊರಗೆ ಬರ್ಲಿ ಕಣೋ. ನಾನು ಬಾಗಿಲು ಹಾಕಿದವಳಾದ್ರೆ ನಂಗೇನು ಸವೆಯುತ್ತೆ’ ಎಂದಳು. ಹೇಳಿ ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟುಕೊಂಡು ನಿಂತಿದ್ದಾಳೆ, ತೊಟ್ಟಿಯಲ್ಲಿ ಒಂದು ಪಾತ್ರೆಯೂ ಇಲ್ಲ. ಹಾಗಾಗಿ ನಾನು ಮೇಲೆ ಹಾಕಿದ ಬೆದರಿಕೆ ಈಗ ಬರೀ ಮಾತು. ಅಮ್ಮ ಕೊಡು ಎಂದದ್ದನ್ನು ನಾನು ಕೊಡಲೇಬೇಕು. ನಿನ್ನನ್ನು ತಡೆಯಲು ನನ್ನ ಕೈಯಲ್ಲಿ ಏನೂ ಉಳಿದಿಲ್ಲ. ಆ ಪುಟ ಬೇಡ ಎಂದು ಹೇಳಬಲ್ಲವಳು ಇನ್ನು ನೀನೊಬ್ಬಳೇ. ಕಂಪನಿಯವನು ಮೂವತ್ತನೇ ತಾರೀಖು ಹನ್ನೊಂದು ಗಂಟೆಗೆ ಬರುತ್ತಾನೆ.